ಹಸುವಿನ ಮರೆಯಲ್ಲಿ ಬೇಟೆ: ಸಾಸವಡದ ಬಯಲಿನ ಒಂದು ಹಳೆಯ ಕಥೆ

ಪುಣೆಯಲ್ಲಿರೋ ನಮ್ಮ ಕನ್ನಡದವರಿಗೆ ಸಾಸವಡ ಅಂದ್ರೆ ದಿವೆ ಘಾಟಿನ ತಿರುವು, ಪುರಂದರ ಕೋಟೆ, ಜೇಜುರಿಗೆ ಹೋಗುವ ದಾರಿ. ಇತ್ತೀಚೆಗೆ ಇನ್ನೊಂದು ಸೇರಿದೆ. ಶನಿವಾರ ಬೆಳಗಿನ ಜಾವ ಹಿಂಜವಡಿಯಿಂದ ಹೊರಟು, ಈ ಕಡೆಯ ಹುಲ್ಲುಗಾವಲುಗಳಲ್ಲಿ ತೋಳ, ನರಿ, ಚಿಂಕಾರಗಳ ಫೋಟೋ ತೆಗೆಯೋದು. ನಾನೂ ಆ ಗುಂಪಿನವನೇ. ಕೆಲವರ ಹತ್ತಿರ ಮಡಚಿ ಬೆನ್ನಿಗೆ ಹಾಕಿಕೊಳ್ಳುವ ಹಸಿರು-ಕಂದು ಬಣ್ಣದ ಡೇರೆ ಇರುತ್ತೆ. ಒಳಗೆ ಕೂತರೆ ಪ್ರಾಣಿಗೆ ನಾವು ಕಾಣಲ್ಲ. ಅಮೆರಿಕದಲ್ಲಿ ಜಿಂಕೆ ಬೇಟೆಗಾರರು ಇದನ್ನೇ ಗ್ರೌಂಡ್ ಬ್ಲೈಂಡ್ ಅಂತಾರೆ. ಆದರೆ ಹೊತ್ತುಕೊಂಡು ಓಡಾಡುವ ಮರೆ ಈ ನೆಲಕ್ಕೆ ಹೊಸದಲ್ಲ. ಇಲ್ಲಿ ಅದಕ್ಕೆ ನಾಲ್ಕು ಕಾಲಿತ್ತು!

ಮೊದಲು ಪ್ರಾಣಿಯ ಕಡೆಯಿಂದ ನೋಡೋಣ. ದಟ್ಟ ಕಾಡಿನಲ್ಲಿ ಬೇಟೆಗಾರನಿಗೆ ಮರ ಇದೆ, ಮಚಾನು ಕಟ್ಟಬಹುದು. ಬಯಲುಸೀಮೆಯಲ್ಲಿ ಮೊಣಕಾಲೆತ್ತರದ ಹುಲ್ಲು ಬಿಟ್ಟರೆ ಏನೂ ಇಲ್ಲ. ಚಿಗರಿ, ಅಂದರೆ ಕೃಷ್ಣಮೃಗ, ಬಹಳ ದೂರದಿಂದಲೇ ಮನುಷ್ಯನನ್ನು ಗುರುತಿಸಿ ಓಡುತ್ತೆ. ಆದರೆ ಅದು ದಿನಾ ನೋಡುವ ಪ್ರಾಣಿಗಳೂ ಇವೆಯಲ್ಲ: ಮೇಯುವ ದನ, ಕುರಿಹಿಂಡು, ಎತ್ತಿನ ಗಾಡಿ. ಅವುಗಳಿಗೆ ಅದು ಹೆದರಲ್ಲ. ಬಯಲಿನಲ್ಲಿ ಅಡಗೋದಕ್ಕೆ ಒಂದೇ ದಾರಿ, ಅದಕ್ಕೆ ಪರಿಚಯ ಇರುವ ವಸ್ತುವಿನ ಹಿಂದೆ ನಿಲ್ಲೋದು.

ಇದನ್ನು ಚೆನ್ನಾಗಿ ಅರಿತಿದ್ದವರು ಪಾರ್ಧಿಗಳು. ಬೇಟೆ ಅನ್ನೋ ಅರ್ಥದ ಸಂಸ್ಕೃತದ ‘ಪಾಪರ್ಧಿ’ಯಿಂದ ಬಂದ ಹೆಸರು ಅದು. ಅವರಲ್ಲಿ ಫಾಸೆ ಪಾರ್ಧಿಗಳದು ಉರುಲಿನ ಬೇಟೆ. ಫಾಸೆ ಅಂದರೆ ಪಾಶ. ಗಾಯ್ ಪಾರ್ಧಿಗಳದು ಹಸುವಿನ ಬೇಟೆ. ರಸೆಲ್ ಮತ್ತು ಹೀರಾಲಾಲ್ 1916ರಲ್ಲಿ ಪ್ರಕಟಿಸಿದ ಮಧ್ಯಪ್ರಾಂತ್ಯದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲೂ ಎತ್ತಿನ ಮರೆಯಲ್ಲಿ ಬೇಟೆಯಾಡುವ ಪಾರ್ಧಿಗಳ ಉಲ್ಲೇಖ ಇದೆ. ಪಳಗಿಸಿದ ದನ ಮೇಯುವ ಹಾಗೆ ನಿಧಾನ ಮುಂದೆ ಹೋಗುತ್ತೆ. ಹಿಂದೆ ಬಗ್ಗಿದ ಮನುಷ್ಯ ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತಾನೆ. ಗಾಳಿ ತನ್ನ ಕಡೆಯಿಂದ ಹಿಂಡಿಗೆ ಬೀಸಿದರೆ ಕೆಲಸ ಕೆಟ್ಟಿತು, ವಾಸನೆಗೆ ಯಾವ ಮರೆಯೂ ಇಲ್ಲ.

ಇದೇ ಜನ ನಮ್ಮ ಉತ್ತರ ಕರ್ನಾಟಕದಲ್ಲೂ ಇದ್ದಾರೆ. ಹರಣಶಿಕಾರಿ, ಅಡವಿಚಂಚೇರ, ಚಿಗರಿಬೇಟೆಗಾರ ಅನ್ನೋ ಹೆಸರು ಕೇಳಿರಬಹುದು. ಕನ್ನಡದಲ್ಲಿ ಪ್ರಾಣಿಯನ್ನೇ ಮುಂದಿಟ್ಟು ಆಡುವ ಬೇಟೆಗೆ ಇನ್ನೂ ಹಳೆಯ ಬೇರು ಇದೆ. ಬೇಟೆಗಾಗಿ ಪಳಗಿಸಿದ ಮೃಗಕ್ಕೆ ಹಳಗನ್ನಡದಲ್ಲಿ ‘ದೀವ’ ಅಂತಲೇ ಹೆಸರು. ಸಾಕಿದ ಜಿಂಕೆಯನ್ನು ಬಿಟ್ಟು ಕಾಡಿನ ಜಿಂಕೆಯನ್ನು ಹತ್ತಿರ ಸೆಳೆಯೋದು ಅದರ ಉಪಾಯ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ ಸಂಸ್ಕೃತ ಗ್ರಂಥ. ಅಲ್ಲಿ ಬೇಟೆ ಅರಸನ ವಿನೋದಗಳಲ್ಲಿ ಒಂದು.

ಈಗ ಕೊಲ್ಲಾಪುರಕ್ಕೆ ಬರೋಣ. 20ನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿನ ಅರಮನೆಯಲ್ಲಿ ಚೀತಾಗಳಿಂದ ಚಿಗರಿ ಬೇಟೆ ನಡೀತಿತ್ತು. ನಮ್ಮಲ್ಲಿ ಚೀತಾ ಕಡಿಮೆಯಾದಾಗ ಆಫ್ರಿಕಾದಿಂದ ತರಿಸಿದರು. ಕಣ್ಣಿಗೆ ಟೋಪಿ ಕಟ್ಟಿದ ಚೀತಾವನ್ನು ಗಾಡಿಯಲ್ಲಿ ಕೂರಿಸಿ ಹಿಂಡಿನ ಹತ್ತಿರ ಒಯ್ಯೋದು. ಚಿಗರಿಗೆ ಗಾಡಿ ಅಂದ್ರೆ ಭಯ ಇಲ್ಲ ಅನ್ನೋದೇ ಇಲ್ಲೂ ಆಧಾರ. ಅಂದರೆ ಪಾರ್ಧಿಯ ಹಸುವಿನ ಯುಕ್ತಿಯೇ. ಚೀತಾ ಸಾಕುವ ಕೆಲಸದಲ್ಲೂ ಪಾರ್ಧಿಗಳ ಒಂದು ಶಾಖೆ ಪಳಗಿತ್ತು. ಅವರನ್ನು ಚಿತೇವಾಲೆ ಅನ್ನುತ್ತಿದ್ದರು.

ಯುಕ್ತಿ ಒಂದೇ, ಆದರೆ ಕಾನೂನಿನ ಕಣ್ಣಿಗೆ ಇಬ್ಬರೂ ಒಂದೇ ಅಲ್ಲ. ಅರಸನ ಬೇಟೆ ಶಿಕಾರಿ ಅನ್ನಿಸಿಕೊಂಡು ಫೋಟೋ ಆಲ್ಬಮ್ ಸೇರಿತು. ಪಾರ್ಧಿ ಮಾತ್ರ ಅಪರಾಧಿ ಬುಡಕಟ್ಟುಗಳ ಪಟ್ಟಿ ಸೇರಿದ. 1871ರಲ್ಲಿ ಉತ್ತರ ಭಾರತದಲ್ಲಿ ಶುರುವಾದ ಆ ಕಾಯ್ದೆ 1911ರಲ್ಲಿ ಮುಂಬೈ ಪ್ರಾಂತ್ಯಕ್ಕೂ ವಿಸ್ತರಿಸಿತು. ಹುಟ್ಟಿದ ಜಾತಿಯೇ ಸಾಕ್ಷಿ. ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಊರು ಬಿಡೋಕೆ ಅಪ್ಪಣೆ ಬೇಕು. ಸೋಲಾಪುರ, ಹುಬ್ಬಳ್ಳಿ, ಗದಗದಲ್ಲಿ ಇಂಥ ಬುಡಕಟ್ಟುಗಳನ್ನು ಕೂಡಿಹಾಕುವ ಸೆಟ್ಲಮೆಂಟ್‌ಗಳಾದವು. ಹುಬ್ಬಳ್ಳಿ-ಗದಗದ ಕಡೆಯವರಿಗೆ ‘ಸೆಟ್ಲಮೆಂಟ್’ ಅನ್ನೋ ಏರಿಯಾ ಗೊತ್ತೇ ಇರುತ್ತೆ. ಆ ಹೆಸರಿನ ಹಿಂದೆ ಇರೋದು ಈ ಕಥೆ.

1952ರಲ್ಲಿ ಆ ಕಾಯ್ದೆ ರದ್ದಾಯಿತು. ಅದೇ 1952ರಲ್ಲಿ ಭಾರತದಲ್ಲಿ ಚೀತಾ ಅಳಿದುಹೋಯಿತು ಅಂತ ಘೋಷಣೆಯಾಯಿತು. ಆಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಚಿಗರಿ, ಚಿಂಕಾರ ಎರಡಕ್ಕೂ ಮೊದಲನೇ ಅನುಸೂಚಿಯ ರಕ್ಷಣೆ ಸಿಕ್ಕಿತು. ಅದು ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಟೆ ನಿಂತಾಗ ಅರಸನಿಗೆ ಹೋಗಿದ್ದು ಒಂದು ವಿನೋದ, ಪಾರ್ಧಿಗೆ ಹೋಗಿದ್ದು ಅನ್ನ. ಕಳ್ಳ ಅನ್ನೋ ಹಣೆಪಟ್ಟಿ ಮಾತ್ರ ಉಳೀತು. ಇವತ್ತಿಗೂ ಊರಲ್ಲಿ ಕಳ್ಳತನ ಆದರೆ ಅನುಮಾನ ಮೊದಲು ಹೋಗೋದು ಊರಾಚೆಯ ಆ ಗುಡಿಸಲುಗಳ ಕಡೆಗೇ.

ಸಾಸವಡದಿಂದ ಜೇಜುರಿ, ಮೋರ್‌ಗಾವ್ ದಾಟಿದರೆ ಬಾರಾಮತಿ ತಾಲೂಕಿನ ಸುಪೆ ಹತ್ತಿರ ಮಯೂರೇಶ್ವರ ಅಭಯಾರಣ್ಯ ಸಿಗುತ್ತೆ. 1997ರಲ್ಲಿ ಚಿಂಕಾರಗಳಿಗಾಗಿ ಘೋಷಿಸಿದ್ದು, ವಿಸ್ತೀರ್ಣ ಬರೀ 5.14 ಚದರ ಕಿಲೋಮೀಟರ್. ಚಿಂಕಾರಕ್ಕೆ ಆ ಗಡಿ ಗೊತ್ತಿಲ್ಲ, ಅದು ಹೊರಗಿನ ಹುಲ್ಲುಗಾವಲು, ಬೀಳುಭೂಮಿಗಳಲ್ಲೂ ಮೇಯುತ್ತೆ. ಪುರಂದರ ವಿಮಾನ ನಿಲ್ದಾಣದ ಮಾತು ಶುರುವಾದಾಗಿಂದ ನಮ್ಮ ಆಫೀಸುಗಳಲ್ಲೂ ಸಾಸವಡದ ಪ್ಲಾಟ್‌ಗಳದ್ದೇ ಚರ್ಚೆ. ಬ್ರೋಕರ್ ತೋರಿಸುವಾಗ ಹೇಳೋದು ಒಂದೇ ಮಾತು, ‘ಖಾಲಿ ಜಾಗ ಸರ್’. ಆದರೆ ಹುಲ್ಲುಗಾವಲು ಅನ್ನೋದು ಖಾಲಿ ಜಾಗ ಅಲ್ಲ. ಚಿಗರಿ, ತೋಳ, ಕುರಿಗಾಹಿ, ಪಾರ್ಧಿ, ಇಷ್ಟೂ ಜನರ ಮನೆ ಅದು.

ಹಾಗಾಗಿ ಮುಂದಿನ ಸಲ ಡೇರೆ ಹೊತ್ತು ಹೊರಟಾಗ ಹುಲ್ಲಿನ ಮೇಲೆ ಕಾರು ಹತ್ತಿಸಬೇಡಿ, ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗಬೇಡಿ. ದಾರಿ ಬದಿಯ ಪಾರ್ಧಿ ಗುಡಿಸಲು ಕಂಡರೆ ಕಾರಿನ ಗಾಜು ಏರಿಸುವ ಮೊದಲು ಒಮ್ಮೆ ಯೋಚಿಸಿ. ನೀವು ಸಾವಿರಾರು ರೂಪಾಯಿ ಕೊಟ್ಟು ತಂದ ಡೇರೆಯಿಂದ ಮಾಡೋ ಕೆಲಸವನ್ನ ಅವರ ಅಜ್ಜ ಒಂದು ಹಸುವಿನಿಂದ ಮಾಡಿದ್ದ. ಮುಂದಿನ ಕಂತಿನಲ್ಲಿ ಸಿಗೋಣ.