ಮನೆ ಬದಲಾವಣೆ (ಬಾಡಿಗೆ ವಾಸ)

ಮನೆ ಬದಲಾವಣೆ ಎಂದರೆ ವ್ಯಕ್ತಿ ಅಥವಾ ಕುಟುಂಬವು ವಾಸದ ಮನೆಯನ್ನು ತೆರವು ಮಾಡಿ, ಸಾಮಾನು ಸರಂಜಾಮುಗಳೊಂದಿಗೆ ಬೇರೊಂದು ಮನೆಗೆ ವಾಸ್ತವ್ಯವನ್ನು ಸ್ಥಳಾಂತರಿಸುವ ಕ್ರಿಯೆ. ಕರ್ನಾಟಕದಲ್ಲಿ ನಗರಗಳ ಬಾಡಿಗೆದಾರರು, ವರ್ಗಾವಣೆಗೆ ಒಳಪಡುವ ಸರ್ಕಾರಿ ಹಾಗೂ ಬ್ಯಾಂಕ್ ನೌಕರರು ಮತ್ತು ಖಾಸಗಿ ಉದ್ಯೋಗಿಗಳು ಪದೇ ಪದೇ ಮನೆ ಬದಲಾಯಿಸುವವರಲ್ಲಿ ಪ್ರಮುಖರು. ಇಂತಹವರಿಗೆ ಸಾಗಣೆಯ ಶ್ರಮಕ್ಕಿಂತ ಮುಂಗಡ ಹಣದ ಮರುಪಾವತಿ, ವಿಳಾಸದ ದಾಖಲೆಗಳು ಮತ್ತು ಮಕ್ಕಳ ಶಾಲೆಯ ವಿಷಯಗಳೇ ಹೆಚ್ಚು ತೊಡಕನ್ನುಂಟುಮಾಡುತ್ತವೆ.

ಕಾಲ ಮತ್ತು ರೂಢಿ

ಶಾಲೆಗಳಿಗೆ ಬೇಸಿಗೆ ರಜೆ ಇರುವ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಮನೆ ಬದಲಾವಣೆಗೆ ಹಲವು ಕುಟುಂಬಗಳು ಆರಿಸಿಕೊಳ್ಳುತ್ತವೆ. ಅನೇಕ ಹಿಂದೂ ಕುಟುಂಬಗಳು ಆಷಾಢ ಮಾಸ ಮತ್ತು ಧನುರ್ಮಾಸದಲ್ಲಿ ಹೊಸ ಮನೆಗೆ ಹೋಗುವುದಿಲ್ಲ. ಬಾಡಿಗೆ ಮನೆಗೆ ಹೋಗುವಾಗಲೂ ಹಾಲು ಉಕ್ಕಿಸುವ ಪದ್ಧತಿ ವ್ಯಾಪಕವಾಗಿದೆ. ಈ ಶಾಸ್ತ್ರವನ್ನು ಒಳ್ಳೆಯ ದಿನ ನೋಡಿ ಮೊದಲೇ ಮುಗಿಸಿ, ಸಾಮಾನುಗಳನ್ನು ಅನುಕೂಲವಾದ ಮತ್ತೊಂದು ದಿನ ಸಾಗಿಸುವುದುಂಟು.

ಕರಾರು ಮತ್ತು ಮುಂಗಡ

ಬಾಡಿಗೆ ಕರಾರುಗಳನ್ನು ಸಾಮಾನ್ಯವಾಗಿ 11 ತಿಂಗಳಿಗೆ ಬರೆಯಲಾಗುತ್ತದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷವನ್ನು ಮೀರಿದ ಅವಧಿಯ ಗುತ್ತಿಗೆ ಪತ್ರವನ್ನು ನೋಂದಾಯಿಸುವುದು ಕಡ್ಡಾಯವಾಗಿರುವುದೇ ಇದಕ್ಕೆ ಕಾರಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿ ಬಹುಕಾಲದಿಂದ ಬಂದಿದೆ. ಕೇಂದ್ರ ಸಚಿವ ಸಂಪುಟವು 2021ರಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗಳಿಗೆ ಎರಡು ತಿಂಗಳ ಬಾಡಿಗೆಯನ್ನು ಮುಂಗಡದ ಮಿತಿಯಾಗಿ ಸೂಚಿಸುತ್ತದೆ. ಆದರೆ ಇದು ಮಾದರಿ ಮಾತ್ರವಾಗಿದ್ದು, ರಾಜ್ಯಗಳು ಅಳವಡಿಸಿಕೊಂಡಲ್ಲಿ ಮಾತ್ರ ಅನ್ವಯವಾಗುತ್ತದೆ.

ಮನೆ ಬಿಡುವಾಗ ಬಣ್ಣ ಬಳಿಯುವ ಖರ್ಚು ಮತ್ತು ದುರಸ್ತಿಯ ಹೆಸರಿನಲ್ಲಿ ಮುಂಗಡದಿಂದ ಹಣ ಮುರಿದುಕೊಳ್ಳುವುದು ವಿವಾದಗಳಿಗೆ ಮುಖ್ಯ ಕಾರಣ. ಬಣ್ಣದ ಖರ್ಚಿಗೆ ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳುವುದು ಬೆಂಗಳೂರಿನಲ್ಲಿ ಸಾಮಾನ್ಯ. ಮನೆಗೆ ಬಂದ ದಿನವೇ ಗೋಡೆ, ನಲ್ಲಿ, ಕಿಟಕಿ ಮತ್ತು ವಿದ್ಯುತ್ ಮೀಟರಿನ ಛಾಯಾಚಿತ್ರಗಳನ್ನು ತೆಗೆದು ಮಾಲೀಕರಿಗೆ ಕಳುಹಿಸಿದರೆ, ಹಾನಿ ಮೊದಲೇ ಇತ್ತೆಂಬುದಕ್ಕೆ ಪುರಾವೆ ಉಳಿಯುತ್ತದೆ. ಮುಂಗಡವನ್ನು ಬ್ಯಾಂಕಿನ ಮೂಲಕ ಪಾವತಿಸುವುದು, ಮನೆ ತೆರವು ಮಾಡುವ ಸೂಚನೆಯನ್ನು ಕರಾರಿನಲ್ಲಿ ಹೇಳಿದ ಅವಧಿಗೆ ಮೊದಲೇ ಲಿಖಿತವಾಗಿ ನೀಡುವುದು ಹಾಗೂ ಹಣ ಹಿಂದಿರುಗಿಸುವ ದಿನವನ್ನು ಕರಾರಿನಲ್ಲಿಯೇ ನಮೂದಿಸುವುದು ಉಪಯುಕ್ತ.

ಭೋಗ್ಯ

ಭೋಗ್ಯ ಪದ್ಧತಿಯಲ್ಲಿ ವಾಸಿಸುವವರು ದೊಡ್ಡ ಮೊತ್ತವನ್ನು ಒಮ್ಮೆಗೇ ಮಾಲೀಕರಿಗೆ ಕೊಟ್ಟು, ಅವಧಿ ಮುಗಿಯುವವರೆಗೆ ಬಾಡಿಗೆಯಿಲ್ಲದೆ ಇರುತ್ತಾರೆ. ಮನೆ ಬಿಡುವಾಗ ಆ ಮೊತ್ತ ಹಿಂದಿರುಗುತ್ತದೆ. ಮಾಸಿಕ ಹೊರೆ ಇಲ್ಲದ ಕಾರಣ ಇದು ಆಕರ್ಷಕವಾಗಿ ಕಂಡರೂ ಇದರಲ್ಲಿ ಅಪಾಯವಿದೆ. ಮಾಲೀಕರು ಮೊದಲೇ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ತೀರಿಸದೆ ಹೋದರೆ ಬ್ಯಾಂಕು ಮನೆಯನ್ನು ಹರಾಜಿಗೆ ತರಬಹುದು. ಆಗ ಭೋಗ್ಯದಾರರು ಮನೆ ಮತ್ತು ಹಣ ಎರಡನ್ನೂ ಕಳೆದುಕೊಳ್ಳುವ ಸಂಭವವಿದೆ. ಆದ್ದರಿಂದ ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಪಡೆಯುವುದು, ಮೂಲ ಕ್ರಯಪತ್ರವು ಮಾಲೀಕರ ಕೈಯಲ್ಲಿಯೇ ಇದೆಯೇ ಎಂದು ನೋಡುವುದು ಮತ್ತು ಒಂದು ವರ್ಷ ಮೀರಿದ ಭೋಗ್ಯ ಪತ್ರವನ್ನು ನೋಂದಾಯಿಸುವುದು ಅಗತ್ಯ.

ಸಾಮಾನು ಕಟ್ಟುವಿಕೆ

ಪದೇ ಪದೇ ಮನೆ ಬದಲಾಯಿಸುವವರು ಗಟ್ಟಿ ರಟ್ಟಿನ ಪೆಟ್ಟಿಗೆಗಳನ್ನು ಮಡಚಿ ಉಳಿಸಿಕೊಳ್ಳುತ್ತಾರೆ. ಕಟ್ಟುವಾಗ ಈ ಕ್ರಮಗಳು ಸಹಾಯಕವಾಗಿವೆ:

- ಪುಸ್ತಕಗಳಂತಹ ಭಾರದ ವಸ್ತುಗಳನ್ನು ಚಿಕ್ಕ ಪೆಟ್ಟಿಗೆಗಳಲ್ಲಿಯೂ ಹಗುರವಾದವನ್ನು ದೊಡ್ಡ ಪೆಟ್ಟಿಗೆಗಳಲ್ಲಿಯೂ ತುಂಬುವುದು.
- ಪಿಂಗಾಣಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಹಳೆಯ ಬಟ್ಟೆ ಅಥವಾ ಕಾಗದ ಇಡುವುದು.
- ಪ್ರತಿ ಪೆಟ್ಟಿಗೆಗೆ ಸಂಖ್ಯೆ ಹಾಕಿ, ಅದು ಸೇರಬೇಕಾದ ಕೋಣೆಯ ಹೆಸರನ್ನು ಬರೆಯುವುದು ಹಾಗೂ ಪಟ್ಟಿಯ ಪ್ರತಿಯೊಂದನ್ನು ಕೈಯಲ್ಲಿ ಇಟ್ಟುಕೊಳ್ಳುವುದು.
- ಫ್ರಿಜ್ಜನ್ನು ಹಿಂದಿನ ದಿನವೇ ಖಾಲಿ ಮಾಡಿ ಮಂಜು ಕರಗಿಸಿ, ನೆಟ್ಟಗೆ ನಿಲ್ಲಿಸಿಯೇ ಸಾಗಿಸುವುದು. ಹೊಸ ಮನೆಯಲ್ಲಿ ಕೆಲವು ಗಂಟೆ ಬಿಟ್ಟು ಚಾಲೂ ಮಾಡುವುದು.
- ಮುಂಬಾಗಿಲಿನ ಬಟ್ಟೆ ಒಗೆಯುವ ಯಂತ್ರದ ಜೊತೆ ಬಂದ ಸಾಗಣೆಯ ಬೋಲ್ಟುಗಳನ್ನು ಎಸೆಯದೆ ಇಟ್ಟುಕೊಂಡು, ಪ್ರತಿ ಸಾಗಣೆಗೂ ಮೊದಲು ಅವನ್ನು ಬಿಗಿಯುವುದು.
- ಒಡವೆ, ನಗದು, ಔಷಧಿ, ಪ್ರಮಾಣಪತ್ರಗಳನ್ನು ಲಾರಿಗೆ ಹಾಕದೆ ಜೊತೆಯಲ್ಲಿ ಒಯ್ಯುವುದು.
- ಮೊದಲ ರಾತ್ರಿಗೆ ಬೇಕಾಗುವ ಹಾಸಿಗೆ, ಬಟ್ಟೆ, ಬಕೆಟ್, ಅಡುಗೆಯ ನಾಲ್ಕು ಪಾತ್ರೆಗಳನ್ನು ಪ್ರತ್ಯೇಕವಾಗಿ ಇಡುವುದು.

ಸಾಗಣೆ

ದರವನ್ನು ಬಾಯಿಮಾತಿನಲ್ಲಿ ಒಪ್ಪಿದ ಸಂದರ್ಭಗಳಲ್ಲಿ, ಸಾಮಾನು ಲಾರಿ ಏರಿದ ಬಳಿಕ ಹೆಚ್ಚಿನ ಹಣ ಕೇಳುವ ದೂರುಗಳು ಸಾಮಾನ್ಯ. ಮಹಡಿ, ಲಿಫ್ಟ್, ಲಾರಿ ನಿಲ್ಲುವ ದೂರ ಮತ್ತು ಹಮಾಲಿಯನ್ನು ಒಳಗೊಂಡ ಒಟ್ಟು ದರವನ್ನು ಲಿಖಿತವಾಗಿ ಪಡೆಯಬೇಕು. ಊರಿಂದೂರಿಗೆ ಸಾಗಿಸುವಾಗ ಸರಕು ರಸೀದಿಯನ್ನು ಜೋಪಾನವಾಗಿಡಬೇಕು. 2007ರ ರಸ್ತೆ ಸಾಗಣೆ ಕಾಯ್ದೆಯಡಿ, ನಷ್ಟ ಅಥವಾ ಹಾನಿಗಾಗಿ ಸಾಗಣೆದಾರರ ಮೇಲೆ ದಾವೆ ಹೂಡಲು, ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ನೀಡಿರಬೇಕು.

ವಿಳಾಸ ಮತ್ತು ಸೇವೆಗಳು

- ಅಡುಗೆ ಅನಿಲ: ಅದೇ ಊರಿನೊಳಗೆ ಹೋಗುವವರು ಸಿಲಿಂಡರ್ ಹಿಂದಿರುಗಿಸದೆ ಸಂಪರ್ಕವನ್ನು ಹೊಸ ಏಜೆನ್ಸಿಗೆ ವರ್ಗಾಯಿಸಿಕೊಳ್ಳಬಹುದು. ಬೇರೆ ಊರಿಗೆ ಹೋಗುವವರು ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಒಪ್ಪಿಸಿ, ಠೇವಣಿ ಹಾಗೂ ಟರ್ಮಿನೇಷನ್ ವೋಚರ್ ಪಡೆಯುತ್ತಾರೆ. ಹೊಸ ಮನೆಯಲ್ಲಿ ಕೊಳವೆ ಅನಿಲವಿದ್ದರೆ ಒಲೆಯ ಜೆಟ್ಟುಗಳನ್ನು ಬದಲಾಯಿಸಬೇಕಾಗುತ್ತದೆ.
- ವಿದ್ಯುತ್: ಗೃಹಜ್ಯೋತಿ ಯೋಜನೆಯ ಲಾಭ ಪಡೆಯುತ್ತಿರುವ ಬಾಡಿಗೆದಾರರು ಹಳೆಯ ಮನೆಯ ಆರ್‌ಆರ್ ಸಂಖ್ಯೆಯಿಂದ ತಮ್ಮ ಆಧಾರ್ ಜೋಡಣೆಯನ್ನು ರದ್ದುಪಡಿಸಿ, ಹೊಸ ಸಂಖ್ಯೆಗೆ ಜೋಡಿಸಿಕೊಳ್ಳಬೇಕು.
- ಮತದಾರರ ಪಟ್ಟಿ: ವಾಸಸ್ಥಳ ಬದಲಾವಣೆಗೆ ನಮೂನೆ-8ರಲ್ಲಿ ಅರ್ಜಿ ಸಲ್ಲಿಸಬೇಕು.
- ಪಡಿತರ: ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಡಿ, ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳು ದೇಶದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು.
- ವಾಹನ: ವಿಳಾಸ ಬದಲಾದ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಂಡ ವಾಹನಕ್ಕೆ ಆ ರಾಜ್ಯದ ನೋಂದಣಿ ಬೇಕು. 2021ರಲ್ಲಿ ಜಾರಿಯಾದ ಬಿಎಚ್ ಸರಣಿಯ ವಾಹನಗಳಿಗೆ ಈ ಮರುನೋಂದಣಿ ಅಗತ್ಯವಿಲ್ಲ.

ಮಕ್ಕಳ ಶಿಕ್ಷಣ

2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಪ್ರಕರಣದ ಪ್ರಕಾರ ಹಿಂದಿನ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪ್ರಮಾಣಪತ್ರವನ್ನು ಕೂಡಲೇ ನೀಡಬೇಕು. ಪ್ರಮಾಣಪತ್ರ ತಡವಾಯಿತೆಂಬ ಕಾರಣಕ್ಕೆ ಮಗುವು ಸೇರಬಯಸುವ ಸರ್ಕಾರಿ ಅಥವಾ ಅನುದಾನಿತ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ, ವಿಳಂಬಿಸುವಂತಿಲ್ಲ. ವರ್ಷದ ನಡುವೆ ಮನೆ ಬದಲಾಯಿಸುವ ವಲಸೆ ಕಾರ್ಮಿಕರ ಮಕ್ಕಳಿಗೆ ಈ ಅವಕಾಶ ವಿಶೇಷವಾಗಿ ಮಹತ್ವದ್ದು.

ಇವನ್ನೂ ನೋಡಿ

- ಬಾಡಿಗೆ ಕರಾರು
- ಗೃಹಪ್ರವೇಶ
- ಆಷಾಢ ಮಾಸ