ಸ್ಟಾಪ್‌ವಾಚ್ ಹಿಡಿದು ಕಂಪ್ಯೂಟರ್ ಅಳೆದ ಕಾಲ

ಒಂದು ಲೆಕ್ಕ ಕೊಡ್ತೀನಿ, ನೋಡಿ. 1ರಿಂದ 100ರವರೆಗಿನ ಒಂದೊಂದು ಸಂಖ್ಯೆಯನ್ನೂ ತಗೊಳ್ಳಿ. ಅದರ ವರ್ಗಮೂಲ ಕಂಡುಹಿಡೀರಿ. ಬಂದ ಉತ್ತರಕ್ಕೆ ಮತ್ತೆ ವರ್ಗಮೂಲ, ಹೀಗೆ ಹತ್ತು ಸಲ. ಆಮೇಲೆ ಅದೇ ದಾರಿಯಲ್ಲಿ ಹಿಂದಕ್ಕೆ ಬನ್ನಿ, ಹತ್ತು ಸಲ ವರ್ಗ ಮಾಡಿ. ಹೊರಟ ಸಂಖ್ಯೆಗೇ ವಾಪಸ್ ಬರಬೇಕು ತಾನೆ? ನೂರನ್ನೂ ಕೂಡಿಸಿದರೆ 5050, ಅದನ್ನು 5ರಿಂದ ಭಾಗಿಸಿದರೆ 1010. ಯಂತ್ರದ ಉತ್ತರ 1010ರಿಂದ ಎಷ್ಟು ದೂರ ಉಳಿಯಿತೋ ಅಷ್ಟು ಅದರ ತಪ್ಪು.

1980ರ ದಶಕದ ಆರಂಭದಲ್ಲಿ ಅಮೆರಿಕದ ಡೇವಿಡ್ ಆಲ್ ತಮ್ಮ ‘ಕ್ರಿಯೇಟಿವ್ ಕಂಪ್ಯೂಟಿಂಗ್’ ಪತ್ರಿಕೆಯಲ್ಲಿ ಮನೆ ಕಂಪ್ಯೂಟರುಗಳಿಗೆ ಇಟ್ಟ ಪರೀಕ್ಷೆ ಇದು. ಬೇಸಿಕ್ ಭಾಷೆಯಲ್ಲಿ ಕೆಲವೇ ಸಾಲು. ಯಾರು ಬೇಕಾದರೂ ಟೈಪ್ ಮಾಡಿ, ಗಡಿಯಾರ ನೋಡಿಕೊಂಡು ಕೂತರಾಯಿತು.

ಆ ಕಾಲದಲ್ಲಿ ಸಿಂಗಪುರದ ಗ್ರಾಹಕನಿಗೆ ಇಂಥ ಪರೀಕ್ಷೆ ಯಾಕೆ ಬೇಕಿತ್ತು ಅಂತ ಹೇಳ್ತೀನಿ. 1981ರಲ್ಲಿ ಆ ಪುಟ್ಟ ದೇಶದಲ್ಲಿ ಮೂರು ಸಂಗತಿ ಒಟ್ಟಿಗೇ ನಡೆದವು. ಸರ್ಕಾರ ರಾಷ್ಟ್ರೀಯ ಕಂಪ್ಯೂಟರ್ ಮಂಡಳಿ ಕಟ್ಟಿತು. ಆ್ಯಪಲ್ ಕಂಪನಿ ಆಂಗ್ ಮೊ ಕಿಯೊದಲ್ಲಿ ಕಾರ್ಖಾನೆ ತೆರೆದು ಆ್ಯಪಲ್ 2ರ ಸರ್ಕ್ಯೂಟ್ ಬೋರ್ಡ್ ಮಾಡಲು ಶುರುಮಾಡಿತು. ಚೈನಾಟೌನಿನ ಪರ್ಲ್ಸ್ ಸೆಂಟರ್ ಎಂಬ ಕಟ್ಟಡದಲ್ಲಿ ಸಿಮ್ ವಾಂಗ್ ಹೂ ಎಂಬ ಯುವಕ ಒಂದು ಸಣ್ಣ ಕಂಪ್ಯೂಟರ್ ಅಂಗಡಿ ತೆರೆದ, ಹೆಸರು ಕ್ರಿಯೇಟಿವ್ ಟೆಕ್ನಾಲಜಿ. 1984ರಲ್ಲಿ ಆ ಅಂಗಡಿಯಿಂದ ‘ಕ್ಯೂಬಿಕ್ 99’ ಬಂತು. ಆ್ಯಪಲ್ 2ರ ತಂತ್ರಾಂಶ ಓಡಿಸಬಲ್ಲ ಯಂತ್ರ. ಅಸಲಿಯ ಬೋರ್ಡು ಆಂಗ್ ಮೊ ಕಿಯೊದಲ್ಲಿ, ಅದಕ್ಕೆ ಪೈಪೋಟಿ ಚೈನಾಟೌನಿನಲ್ಲಿ! ಇದರ ಜೊತೆಗೆ ಹೆಸರಿಲ್ಲದ ನಕಲಿಗಳು ಬೇರೆ.

ಇಷ್ಟರಲ್ಲಿ ಯಾವುದು ಚುರುಕು? ಪೆಟ್ಟಿಗೆ ಮೇಲೆ ಬರೆದ ಮೆಗಾಹರ್ಟ್ಸ್ ನೋಡಿದರೆ ಸಾಲದು. ಯಾಕೆ ಅಂದ್ರೆ ಇಲ್ಲಿದೆ ಉತ್ತರ.

ಆಲ್ ಅವರಿಗಿಂತ ಮುಂಚೆಯೇ, 1977ರ ಜೂನ್‌ನಲ್ಲಿ, ಟಾಮ್ ರಗ್ ಮತ್ತು ಫಿಲ್ ಫೆಲ್ಡ್‌ಮನ್ ‘ಕಿಲೋಬಾಡ್’ ಪತ್ರಿಕೆಯಲ್ಲಿ ಏಳು ಪರೀಕ್ಷೆಗಳನ್ನು ಪ್ರಕಟಿಸಿದ್ದರು. ಮೊದಲನೆಯದು ಒಂದರಿಂದ ಸಾವಿರದವರೆಗೆ ಸುಮ್ಮನೆ ಎಣಿಸುವುದು. ಏಳನೆಯದರಲ್ಲಿ ಕೂಡು, ಕಳೆ, ಗುಣಿಸು, ಭಾಗಿಸು, ಸಬ್‌ರೂಟೀನ್, ಅರೇ ಎಲ್ಲ ಸೇರಿಕೊಳ್ಳುತ್ತೆ. ಈ ಏಳನೆಯದನ್ನೇ ಹಿಡಿದು ನೋಡೋಣ. ಸಿಂಕ್ಲೇರ್ ಸ್ಪೆಕ್ಟ್ರಮ್‌ನ ಪ್ರೊಸೆಸರ್ 3.5 ಮೆಗಾಹರ್ಟ್ಸ್‌ನ ಜೆಡ್80. ಅದಕ್ಕೆ ಸುಮಾರು 80 ಸೆಕೆಂಡ್ ಬೇಕು. ಬರೀ 1 ಮೆಗಾಹರ್ಟ್ಸ್ ಆಸುಪಾಸಿನ 6502 ಕುಟುಂಬದ ಚಿಪ್ ಇರುವ ಕಮೊಡೋರ್ 64ಕ್ಕೆ ಸುಮಾರು 47, ಆ್ಯಪಲ್ 2ಕ್ಕೆ ಸುಮಾರು 45 ಸಾಕು. 2 ಮೆಗಾಹರ್ಟ್ಸ್‌ನ ಬಿಬಿಸಿ ಮೈಕ್ರೊಗೆ ಸುಮಾರು 21!

ಅಂದರೆ ಕಾಗದದ ಮೇಲೆ ಮೂರೂವರೆ ಪಟ್ಟು ವೇಗದ ಯಂತ್ರ ಓಟದಲ್ಲಿ ಎಲ್ಲರಿಗಿಂತ ಹಿಂದೆ. ಒಂದು ಕಾರಣ ಚಿಪ್‌ನಲ್ಲೇ ಇದೆ. 6502ರ ಅತಿ ಸಣ್ಣ ಆಜ್ಞೆ ಗಡಿಯಾರದ 2 ಬಡಿತದಲ್ಲಿ ಮುಗಿಯುತ್ತೆ, ಜೆಡ್80ಗೆ ಕನಿಷ್ಠ 4 ಬೇಕು. ಒಬ್ಬ ದಾಪುಗಾಲು ಹಾಕ್ತಾನೆ, ಇನ್ನೊಬ್ಬ ಪುಟ್ಟ ಹೆಜ್ಜೆ ಬೇಗ ಬೇಗ ಇಡ್ತಾನೆ. ಹೆಜ್ಜೆ ಎಣಿಸಿದರೆ ದೂರ ಗೊತ್ತಾಗಲ್ಲ.

ಇನ್ನೊಂದು ಕಾರಣ ಇನ್ನೂ ದೊಡ್ಡದು: ಬೇಸಿಕ್ ಬರೆದವರ ಕೈಚಳಕ. ಬಿಬಿಸಿ ಬೇಸಿಕ್ ಬರೆದ ಸೋಫಿ ವಿಲ್ಸನ್ ವೇಗಕ್ಕೆ ಒತ್ತು ಕೊಟ್ಟಿದ್ದರು. (1984-85ರಲ್ಲಿ ಭಾರತದ ಶಾಲೆಗಳಿಗೆ ‘ಕ್ಲಾಸ್’ ಯೋಜನೆಯಲ್ಲಿ ಬಂದದ್ದು ಇದೇ ಬಿಬಿಸಿ ಮೈಕ್ರೊ.) ಬೇಸಿಕ್‌ನ ಪಾಲು ಎಷ್ಟು ಅಂತ ತಿಳಿಯಬೇಕಾದರೆ ಆ್ಯಪಲ್ 2 ಒಂದನ್ನೇ ನೋಡಿ. ಅದೇ ಯಂತ್ರ, ಅದೇ ಚಿಪ್. ಸ್ಟೀವ್ ವಾಜ್ನಿಯಾಕ್ ಬರೆದ ಇಂಟಿಜರ್ ಬೇಸಿಕ್‌ನಲ್ಲಿ ಏಳನೇ ಪರೀಕ್ಷೆ ಸುಮಾರು 28 ಸೆಕೆಂಡಿನಲ್ಲಿ ಮುಗಿಯುತ್ತೆ, ಆ್ಯಪಲ್‌ಸಾಫ್ಟ್ ಬೇಸಿಕ್‌ನಲ್ಲಿ 45. ಹಾಗಾದ್ರೆ ಮೊದಲನೆಯದೇ ಒಳ್ಳೇದಾ? ಅದಕ್ಕೆ ಪೂರ್ಣಾಂಕ ಬಿಟ್ಟು ಬೇರೆ ಗೊತ್ತಿಲ್ಲ, ದಶಾಂಶ ಬಂದರೆ ಕತ್ತರಿಸಿ ಎಸೆಯುತ್ತೆ. ರೂಪಾಯಿ ಮಾತ್ರ ಎಣಿಸಿ ಪೈಸೆ ಬಿಡುವ ಅಂಗಡಿಯವನ ಲೆಕ್ಕವೂ ಬೇಗ ಮುಗಿಯುತ್ತೆ, ಅಲ್ವಾ?

ಆಲ್ ಅವರ ಪರೀಕ್ಷೆಯ ಬೆಲೆ ಇರುವುದು ಇಲ್ಲೇ. ಅದು ಸಮಯದ ಜೊತೆಗೆ ತಪ್ಪನ್ನೂ ಕೇಳುತ್ತೆ. ಐಬಿಎಂ ಪಿಸಿ ಅದನ್ನು 24 ಸೆಕೆಂಡಿನಲ್ಲಿ ಮುಗಿಸಿತು, ಆ್ಯಪಲ್ 2 ಹತ್ತಿರ ಹತ್ತಿರ ಎರಡು ನಿಮಿಷ ತಗೊಂಡಿತು. ಆದರೆ ಪಿಸಿಯ ತಪ್ಪು ಸುಮಾರು 0.0116, ಆ್ಯಪಲ್‌ನದು ಸುಮಾರು 0.001. ಪಿಸಿ ಒಂದು ಸಂಖ್ಯೆಯನ್ನು 4 ಬೈಟ್‌ನಲ್ಲಿ ಇಟ್ಟುಕೊಳ್ಳುತ್ತಿತ್ತು, ಆ್ಯಪಲ್ 5 ಬೈಟ್‌ನಲ್ಲಿ. ಒಂದೇ ಒಂದು ಬೈಟ್ ಉಳಿಸಿದ್ದಕ್ಕೆ ತಪ್ಪು ಹತ್ತು ಪಟ್ಟಿಗಿಂತ ಜಾಸ್ತಿ.

ಈಗ ಕ್ಯೂಬಿಕ್‌ಗೆ ಬನ್ನಿ. ಅದರಲ್ಲಿ 6502, ಜೆಡ್80 ಎರಡೂ ಇದ್ದವು. ಆದರೆ ಆ್ಯಪಲ್‌ಗೆ ಹೊಂದಿಕೊಳ್ಳುವ ಯಂತ್ರ ಆ್ಯಪಲ್‌ಗಿಂತ ವೇಗವಾಗಿ ಓಡುವುದು ಸುಲಭವಲ್ಲ. ವಾಜ್ನಿಯಾಕ್ ಅವರ ಫ್ಲಾಪಿ ಡ್ರೈವ್ ನಂಬಿಕೊಂಡಿದ್ದು ಪ್ರೊಸೆಸರಿನ ಬಡಿತವನ್ನೇ. ಬಡಿತ ಎಣಿಸುತ್ತಾ ತಂತ್ರಾಂಶ ಫ್ಲಾಪಿ ಓದಬೇಕು. ಬಡಿತ ಬದಲಾದರೆ ಓದು ಕೆಡುತ್ತೆ. ಹೀಗಾಗಿ ಲೆಕ್ಕದ ಓಟದಲ್ಲಿ ಸಿಂಗಪುರದ ಯಂತ್ರಕ್ಕೆ ಅಸಲಿಯನ್ನು ಮೀರುವ ಸುಲಭದ ದಾರಿ ಇರಲಿಲ್ಲ. ಸಿಮ್ ಬೇರೆ ಕಡೆ ನೋಡಿದರು. ಕ್ಯೂಬಿಕ್ 99 ಮಾತಾಡುತ್ತಿತ್ತು. 1986ರ ಕ್ಯೂಬಿಕ್ ಸಿಟಿಯಲ್ಲಿ ಸಂಗೀತವೂ ಸೇರಿತು. ಎರಡೂ ವ್ಯಾಪಾರದಲ್ಲಿ ಸೋತವು. ಧ್ವನಿಯ ಹುಚ್ಚು ಮಾತ್ರ ಹೋಗಲಿಲ್ಲ. 1989ರಲ್ಲಿ ಅದೇ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂತು, ಪಿಸಿಗಳಿಗೆ ದನಿ ಕೊಟ್ಟಿತು. 2023ರ ಜನವರಿಯಲ್ಲಿ ಸಿಮ್ ತೀರಿಕೊಂಡಾಗ ಜಗತ್ತು ನೆನೆದದ್ದು ಆ ಕಾರ್ಡನ್ನು.

ರಗ್-ಫೆಲ್ಡ್‌ಮನ್ ಪರೀಕ್ಷೆಯಲ್ಲಿ ಕಂಪ್ಯೂಟರ್ ಮಾತಾಡಿದ್ದಕ್ಕೆ ಅಂಕ ಇರಲಿಲ್ಲ. ಅದಕ್ಕಾಗಿ ಆ ಪರೀಕ್ಷೆಯನ್ನು ಬೈಯಬೇಕಿಲ್ಲ. ಕೇಳಿದ ಪ್ರಶ್ನೆಗೆ ಅದು ಪ್ರಾಮಾಣಿಕ ಉತ್ತರ ಕೊಟ್ಟಿದೆ. ಆದರೆ ಇವತ್ತು ಹೊಸ ಫೋನಿನ ಜಾಹೀರಾತಿನಲ್ಲಿ ದೊಡ್ಡ ಅಂಕಿ ಕಂಡಾಗ ನೀವೂ ಮೂರು ಪ್ರಶ್ನೆ ಕೇಳಿ: ಯಾವ ಕೆಲಸ ಕೊಟ್ಟು ಅಳೆದರು, ಉತ್ತರ ಎಷ್ಟು ಸರಿ ಬಂತು, ನನಗೆ ಬೇಕಾದ ಯಾವುದನ್ನು ಅಳೆಯದೆ ಬಿಟ್ಟರು? ಬಿಡುವಿದ್ದರೆ ಹಳೇ ಯಂತ್ರಗಳ ಎಮ್ಯುಲೇಟರ್ ಒಂದನ್ನು ಹಾಕಿಕೊಂಡು ಆಲ್ ಅವರ ಲೆಕ್ಕ ಓಡಿಸಿ ನೋಡಿ. ಆ ಎರಡು ನಿಮಿಷ ಎಷ್ಟು ಉದ್ದ ಅಂತ ಗೊತ್ತಾಗುತ್ತೆ.