ಫ್ರಿಜ್ ಬಾಗಿಲಿನ ಗುಲಾಬಿ ಕಾಗದ

ನಿಂತ ಹೃದಯವನ್ನು ಎದೆ ಸೀಳದೆ, ಬರಿಗೈಯಿಂದ ಒತ್ತಿಯೇ ಮತ್ತೆ ನಡೆಸಬಹುದೆಂದು 1960ರಲ್ಲಿ ಲೋಕಕ್ಕೆ ತಿಳಿಸಿದವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವನ್‌ಹೋವನ್, ಜೂಡ್ ಮತ್ತು ನಿಕರ್‌ಬಾಕರ್. ಇವರಲ್ಲಿ ಮೊದಲನೆಯವರು ವೃತ್ತಿಯಿಂದ ವಿದ್ಯುತ್ ಎಂಜಿನಿಯರ್. ಯಂತ್ರ ಬೇಡದ, ಆಪರೇಷನ್ ಥಿಯೇಟರ್ ಬೇಡದ ಈ ವಿದ್ಯೆ ಬೇಗನೆ ಆಸ್ಪತ್ರೆಯ ಗೇಟು ದಾಟಿ ಆಂಬುಲೆನ್ಸ್ ಹತ್ತಿತು. ಎಲ್ಲಿ ಪ್ರಯೋಗಿಸಬೇಕೆಂಬುದು ಎಲ್ಲರಿಗೂ ತಿಳಿಯಿತು. ಎಲ್ಲಿ ಕೈಬಿಡಬೇಕೆಂಬುದು ಮಾತ್ರ ತಡವಾಗಿ ಹೊಳೆಯಿತು. 1974ರಲ್ಲಿ ಅಮೆರಿಕದ ವೈದ್ಯರೇ ರೂಪಿಸಿದ ಮಾನದಂಡಗಳು, ಸಿಪಿಆರ್ ಎಂದು ಹೆಸರಾದ ಈ ವಿದ್ಯೆ ಇರುವುದು ಹಠಾತ್ತನೆ ಬಂದೆರಗುವ ಸಾವನ್ನು ತಡೆಯಲಿಕ್ಕೆ, ವಾಸಿಯಾಗದ ಕಾಯಿಲೆಯ ಕೊನೆಗೆ ಎಲ್ಲರೂ ಎದುರು ನೋಡುತ್ತಿರುವ ಸಾವಿಗೆ ಅದು ಸಲ್ಲದು ಎಂದವು. ಎರಡು ವರ್ಷದಲ್ಲಿ ಬಾಸ್ಟನ್ನಿನ ದೊಡ್ಡ ಆಸ್ಪತ್ರೆಗಳು ತಮ್ಮ ಡಿಎನ್‌ಆರ್, ಅಂದರೆ 'ಪುನಶ್ಚೇತನ ಬೇಡ' ಎಂಬ ಆದೇಶದ, ನೀತಿಗಳನ್ನು ಪ್ರಕಟಿಸಿದವು.

ಆದರೆ ಆ ಆದೇಶ ಇದ್ದದ್ದು ಕೇಸ್ ಶೀಟಿನಲ್ಲಿ. ರೋಗಿ ಮನೆಗೆ ಹೋದರೂ ಕೇಸ್ ಶೀಟು ಆಸ್ಪತ್ರೆಯಲ್ಲೇ ಉಳಿಯುತ್ತಿತ್ತು. ಕೊನೆಗಳಿಗೆಯಲ್ಲಿ ಮನೆಯವರು ಗಾಬರಿಯಿಂದ 911ಕ್ಕೆ ಕರೆ ಮಾಡಿದರೆ ಬಾಗಿಲಿಗೆ ಬರುವವರು ಆ ರೋಗಿಯನ್ನು ಹಿಂದೆಂದೂ ಕಂಡವರಲ್ಲ. ಅವರು ತಮ್ಮ ವೈದ್ಯಕೀಯ ಮುಖ್ಯಸ್ಥರು ಮೊದಲೇ ಕೊಟ್ಟ ಕಾಯಂ ಸೂಚನೆಯಂತೆ ನಡೆಯುವವರು, ಮತ್ತು ನಾಡಿ ಸಿಗದಿದ್ದರೆ ಎದೆ ಒತ್ತಲು ಶುರುಮಾಡಬೇಕೆಂಬುದೇ ಆ ಸೂಚನೆ. 1976ರಲ್ಲಿ ಕ್ಯಾಲಿಫೋರ್ನಿಯಾ ಮಾನ್ಯ ಮಾಡಿದ ಲಿವಿಂಗ್ ವಿಲ್ ಇಲ್ಲಿ ನೆರವಿಗೆ ಬರಲಿಲ್ಲ. ಅದು ವೈದ್ಯರನ್ನು ಉದ್ದೇಶಿಸಿ ಬರೆದ ಇಚ್ಛಾಪತ್ರ. 'ನನಗೆ ಗುಣವಾಗದ ಕಾಯಿಲೆ ಬಂದಲ್ಲಿ' ಎಂಬಂಥ ಷರತ್ತುಗಳ ಬರಹ. ಷರತ್ತು ಪೂರೈಸಿದೆಯೇ ಎಂದು ತೂಗಿ ನೋಡುವ ವ್ಯವಧಾನವಾಗಲಿ ಅಧಿಕಾರವಾಗಲಿ ಆಂಬುಲೆನ್ಸ್ ಸಿಬ್ಬಂದಿಗಿಲ್ಲ. ಮುಂದೆ ಬಂದ ಕಾನೂನುಗಳನ್ನು ಸಾಯುವ ಹಕ್ಕಿನ ಅಧ್ಯಾಯವೆಂದು ಓದುವವರೇ ಹೆಚ್ಚು. ನನಗೆ ಅವು ಗುರುತುಚೀಟಿಯ ಕಾನೂನುಗಳಾಗಿ ಕಾಣುತ್ತವೆ. ಹಕ್ಕು ಆಗಲೇ ಇತ್ತು. ಅಪರಿಚಿತನೊಬ್ಬ ಅರೆಕ್ಷಣದಲ್ಲಿ ನಂಬಬಹುದಾದ, ನಂಬಿದ್ದಕ್ಕೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಗದ ಗುರುತು ಇರಲಿಲ್ಲ.

ನ್ಯೂಯಾರ್ಕಿನ ಕಾನೂನು ನೋಡಿ. 1987ರಲ್ಲಿ ಡಿಎನ್‌ಆರ್‌ಗೆಂದೇ ಶಾಸನ ಮಾಡಿದ ಆ ರಾಜ್ಯ ಅದನ್ನು ಆಸ್ಪತ್ರೆ, ಶುಶ್ರೂಷಾಲಯಗಳಿಗೆ ಸೀಮಿತಗೊಳಿಸಿತ್ತು. ಮನೆಯವರೆಗೆ ವಿಸ್ತರಿಸಿದ್ದು 1991ರಲ್ಲಿ. 1995ರಲ್ಲಿ ಟೆಕ್ಸಸ್ 'ಆಸ್ಪತ್ರೆಯ ಹೊರಗಿನ ಡಿಎನ್‌ಆರ್' ಎಂಬ ಹೆಸರಿನಲ್ಲೇ ಕಾನೂನು ತಂದಿತು. ನಿಗದಿತ ನಮೂನೆ, ವೈದ್ಯರ ಸಹಿ, ಸಾಕ್ಷಿಗಳು, ಜೊತೆಗೆ ಕೊರಳಿಗೋ ಕೈಗೋ ಹಾಕಿಕೊಳ್ಳುವ ಗುರುತಿನ ಸರ ಅಥವಾ ಬಳೆ. ಆ ಗುರುತು ಮೈಮೇಲಿದ್ದರೆ ಸಿಂಧುವಾದ ಆದೇಶವಿದೆ ಎಂಬುದಕ್ಕೆ ಅದೇ ನಿರ್ಣಾಯಕ ಪುರಾವೆ. ಸದ್ಭಾವನೆಯಿಂದ ಅದನ್ನು ಪಾಲಿಸಿದವರಿಗೆ ಕಾನೂನಿನ ರಕ್ಷಣೆಯೂ ಉಂಟು. ಬಣ್ಣಗಳದ್ದು ಇನ್ನೊಂದು ಕಥೆ: ಅರಿಜೋನಾದಲ್ಲಿ ಕಿತ್ತಳೆ ಹಿನ್ನೆಲೆ, ಫ್ಲಾರಿಡಾದಲ್ಲಿ ಹಳದಿ ಕಾಗದ, ಆರೆಗನ್ನಿನಲ್ಲಿ ಫ್ರಿಜ್ ಬಾಗಿಲ ಮೇಲೆ ದೂರದಿಂದಲೇ ಕಣ್ಣಿಗೆ ಹೊಡೆಯುವ ಗುಲಾಬಿ. ಸಾವಿನಂಥ ವಿಷಯಕ್ಕೆ ಇದು ಹುಡುಗಾಟದ ಹಾಗೆ ಕಂಡೀತು. ಆದರೆ ಕತ್ತಲ ಕೋಣೆಯಲ್ಲಿ ಕಾಗದ ಹುಡುಕುವವನಿಗೆ ಬಣ್ಣಕ್ಕಿಂತ ದೊಡ್ಡ ಶಾಸನ ಯಾವುದಿದೆ?

ಗುರುತನ್ನು ಇಷ್ಟು ಬಿಗಿ ಮಾಡಿದರೆ ಮನುಷ್ಯನ ಇಚ್ಛೆಗಿಂತ ನಮೂನೆಯೇ ದೊಡ್ಡದಾಗುವುದಿಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಫ್ಲಾರಿಡಾದ ಮಯಾಮಿಯ ಆಸ್ಪತ್ರೆಯೊಂದಕ್ಕೆ ಪ್ರಜ್ಞೆಯಿಲ್ಲದೆ ಬಂದ 70 ವರ್ಷದ ವ್ಯಕ್ತಿಯ ಎದೆಯ ಮೇಲೆ 'ಪುನಶ್ಚೇತನ ಬೇಡ' ಎಂಬ ಹಚ್ಚೆಯಿತ್ತು, ಕೆಳಗೆ ಸಹಿಯೂ ಇತ್ತು. 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಕರಣದಲ್ಲಿ ವೈದ್ಯರು ಮೊದಲು ಹಚ್ಚೆಯನ್ನು ನಂಬಲಿಲ್ಲ. ನೀತಿ ಸಲಹೆಗಾರರು ಗೌರವಿಸಿ ಎಂದರು. ಆಮೇಲೆ ರಾಜ್ಯದ ಅಧಿಕೃತ ಆದೇಶಪತ್ರವೂ ಸಿಕ್ಕಿತು. ಮೈಮೇಲೆ ಕೊರೆಸಿಕೊಂಡ ಮಾತಿಗೂ ಹಳದಿ ಕಾಗದದ ಬಲ ಬೇಕಾಯಿತು ಎಂದು ನಗಬಹುದು. ಆದರೆ ಹಚ್ಚೆಯನ್ನು ಅಳಿಸುವುದು ಕಷ್ಟ, ಕಾಗದ ಹರಿಯುವುದು ಸುಲಭ. ಟೆಕ್ಸಸ್ಸಿನಲ್ಲಂತೂ ರೋಗಿ ಬಾಯಿಮಾತಿನಲ್ಲಿ ಬೇಡವೆಂದರೂ ಆದೇಶ ರದ್ದು. ಸಾವು ಸಹಜವಲ್ಲವೆಂಬ ಅನುಮಾನವಿದ್ದರೆ ಅದು ಅನ್ವಯಿಸುವುದೇ ಇಲ್ಲ. ಆಸ್ತಿಯ ಆಸೆಗೆ ಮನೆಯವರೇ ಕಾಗದ ಸೃಷ್ಟಿಸಿಯಾರು ಎಂಬ ಭಯಕ್ಕೂ ಈ ಅಂಶಗಳಲ್ಲಿ ತಕ್ಕಮಟ್ಟಿನ ಉತ್ತರವಿದೆ. ಬಿಗಿಯನ್ನು ಸಡಿಲಿಸಿ ನೋಡಿದ ಪ್ರಯೋಗವೂ ಉಂಟು. ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ, ರೋಗಿಗೆ ಗುಣವಾಗದ ಕಾಯಿಲೆಯಿದ್ದು ಮನೆಯವರು ಬಾಯಿಮಾತಲ್ಲಿ ಬೇಡವೆಂದರೂ ಸಾಕು ಎಂಬ ನಿಯಮ ತಂದ ಆಂಬುಲೆನ್ಸ್ ತಂಡಗಳು ಹೆಚ್ಚು ಮಂದಿಯಲ್ಲಿ ಎದೆ ಒತ್ತುವುದನ್ನು ಕೈಬಿಟ್ಟವು ಎಂದು 2006ರ ಅಧ್ಯಯನವೊಂದು ವರದಿ ಮಾಡಿತು. ಕಾಗದ ಮಾಡಿಸದ ಎಷ್ಟೋ ಜನರ ಮೇಲೆ ಬೇಡದ ಪ್ರಯತ್ನ ನಡೆಯುತ್ತಿತ್ತು ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದದ್ದು: ಡಿಎನ್‌ಆರ್ ಎಂದ ಕೂಡಲೇ ಉಳಿದ ಆರೈಕೆಯೂ ನಿಂತುಹೋಗುತ್ತದೆ ಎಂಬುದು. ಆಮ್ಲಜನಕ, ನೋವಿನ ಮದ್ದು ಮುಂದುವರಿಯುತ್ತವೆ ಎಂದು ನಿಯಮ ಹೇಳಿದರೂ ಈ ಮೂರಕ್ಷರವನ್ನು 'ಚಿಕಿತ್ಸೆಯೇ ಬೇಡ' ಎಂದು ಓದಿಕೊಳ್ಳುವ ಸಿಬ್ಬಂದಿ ಇದ್ದಾರೆ. ಆರೆಗನ್ನಿನ ಪೋಲ್ಸ್ಟ್ ನಮೂನೆ ಹುಟ್ಟಿದ್ದೇ ಈ ಕೊರತೆಗೆ ಉತ್ತರವಾಗಿ. 1991ರಲ್ಲಿ ಚರ್ಚೆ ಶುರುವಾಗಿ 1995ರಲ್ಲಿ ಬಳಕೆಗೆ ಬಂದ ಅದು ಎದೆ ಒತ್ತಬೇಕೇ ಎಂಬ ಒಂದೇ ಪ್ರಶ್ನೆಗೆ ನಿಲ್ಲದೆ, ಪೂರ್ಣ ಚಿಕಿತ್ಸೆಯೋ, ಸೀಮಿತವೋ, ನೆಮ್ಮದಿಯ ಆರೈಕೆ ಮಾತ್ರವೋ ಎಂದೂ ಕೇಳುತ್ತದೆ. 2010 ಮತ್ತು 2011ರಲ್ಲಿ ಅಲ್ಲಿ ತೀರಿಕೊಂಡ ಸುಮಾರು 58,000 ಜನರ ದಾಖಲೆಯಲ್ಲಿ, ನೆಮ್ಮದಿಯ ಆರೈಕೆ ಆರಿಸಿದ್ದವರಲ್ಲಿ ಆಸ್ಪತ್ರೆಯಲ್ಲಿ ಸತ್ತವರು ಶೇ. 6.4, ಪೂರ್ಣ ಚಿಕಿತ್ಸೆ ಬಯಸಿದವರಲ್ಲಿ ಶೇ. 44.2, ನಮೂನೆಯೇ ಇಲ್ಲದವರಲ್ಲಿ ಶೇ. 34.2. ಮನೆಯಲ್ಲೇ ಸಾಯಲು ಮನಸ್ಸು ಮಾಡಿದವರು ಕಾಗದವಿಲ್ಲದೆಯೂ ಮನೆಯಲ್ಲೇ ಉಳಿಯುತ್ತಿದ್ದರೇನೋ, ಆದ್ದರಿಂದ ಪೂರ್ತಿ ಶ್ರೇಯಸ್ಸು ಕಾಗದದ್ದೆನ್ನಲಾಗದು. ಪೂರ್ಣ ಚಿಕಿತ್ಸೆ ಬಯಸಿದವರಿಗೆ ಅದು ಅಡ್ಡಬರಲಿಲ್ಲವೆಂಬುದನ್ನಂತೂ ಈ ಅಂಕಿಗಳು ಸೂಚಿಸುತ್ತವೆ.

ಭಾರತ ಈ ದಾರಿಯನ್ನು ಇನ್ನೊಂದು ತುದಿಯಿಂದ ಹಿಡಿಯಿತು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಕಾಮನ್ ಕಾಸ್ ಪ್ರಕರಣದಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿದು ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. 2023ರಲ್ಲಿ ಮ್ಯಾಜಿಸ್ಟ್ರೇಟರ ಸಹಿಯ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ಆ ವ್ಯವಸ್ಥೆಯ ಜೀವಾಳ ಆಸ್ಪತ್ರೆಯಲ್ಲಿ ಕೂಡುವ ಪ್ರಾಥಮಿಕ ಮತ್ತು ದ್ವಿತೀಯ ವೈದ್ಯಕೀಯ ಮಂಡಳಿಗಳು. ಮೂವರು ಮೂವರು ವೈದ್ಯರ ಆ ಎರಡು ಮಂಡಳಿಗಳು ಮನೆಯ ಪಡಸಾಲೆಯಲ್ಲಿ ಸೇರಲಾರವು. ಹಾಗಾದರೆ 108ಕ್ಕೆ ಕರೆ ಮಾಡದಿದ್ದರಾಯಿತು ಎನ್ನಬಹುದು. ಆದರೆ ಕ್ಯಾನ್ಸರಿನ ಕೊನೆಯ ಹಂತದಲ್ಲಿ ನಡುರಾತ್ರಿ ಉಸಿರು ಕಟ್ಟಿದಾಗ ಮನೆಯವರು ಕರೆಯುವುದು ಆಕ್ಸಿಜನ್‌ಗಾಗಿ. ಅಂಥ ಮನೆಗೆ ಬಂದ ಸಿಬ್ಬಂದಿಯ ಕೈಗೆ ನೋಟರಿ ಮುದ್ರೆಯ ಇಚ್ಛಾಪತ್ರ ಕೊಟ್ಟರೆ, 1976ರ ಕ್ಯಾಲಿಫೋರ್ನಿಯಾದ ತೊಡಕು ಇಲ್ಲೂ ಮರುಕಳಿಸುತ್ತದೆ. ಅವರಿಗೆ ಬೇಕಾದದ್ದು ಚಿಕಿತ್ಸೆ ಕೊಡುತ್ತಿರುವ ವೈದ್ಯರ ಸಹಿಯುಳ್ಳ, ಕನ್ನಡದಲ್ಲಿರುವ, ಎದೆ ಒತ್ತಬೇಡಿ ಆದರೆ ಆಕ್ಸಿಜನ್ ಕೊಡಿ ಎಂದು ಬಿಡಿಸಿ ಹೇಳುವ ಒಂದೇ ಹಾಳೆ, ಮತ್ತು ಅದನ್ನು ಪಾಲಿಸಿದವರ ಮೇಲೆ ಕ್ರಮವಿಲ್ಲವೆಂಬ ಒಂದು ಸಾಲಿನ ನಿಯಮ.